ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ: ಹಳೆಯ ವಿಡಿಯೋ ಕ್ಯಾಸೆಟ್‌ಗಳ ಡಿಜಿಟಲೀಕರಣ

ಅನಲಾಗ್ ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರಿಸಿದ ಕ್ಯಾಸೆಟ್ಟನ್ನು ಪ್ಲೇಯರ್‌ನಲ್ಲಿ ಓಡಿಸಿ, ಅದರ ಚಿತ್ರ ಮತ್ತು ಧ್ವನಿಯನ್ನು ಮನೆಯ ಕಂಪ್ಯೂಟರಿನಲ್ಲಿ ಡಿಜಿಟಲ್ ಫೈಲಾಗಿ ಉಳಿಸಿಕೊಳ್ಳುವ ಕೆಲಸ. ಆಡುಮಾತಿನಲ್ಲಿ ಇದು ‘ಕ್ಯಾಸೆಟ್ ಕನ್ವರ್ಟ್ ಮಾಡಿಸುವುದು’. ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಈ ಐದು ಊರುಗಳು ಮತ್ತು ಸುತ್ತಲಿನ ಹಳ್ಳಿ, ತಾಂಡಾಗಳಲ್ಲಿ ಕ್ಯಾಸೆಟ್ ಎಂದರೆ ಬಹುಮಟ್ಟಿಗೆ ಲಗ್ನದ ಕ್ಯಾಸೆಟ್. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಸಿಮೆಂಟ್ ಕಂಪನಿ ಕಾಲೊನಿಗಳ ಕಾರ್ಯಕ್ರಮಗಳು ಅದರ ನಂತರ ಬರುತ್ತವೆ. ಇವುಗಳಲ್ಲಿ ಅನೇಕವನ್ನು ಈಗಾಗಲೇ ಒಮ್ಮೆ ಸಿ.ಡಿ.ಗೆ ಹಾಕಿಸಿಯಾಗಿದೆ. ಅಲ್ಲಿಗೆ ಕೆಲಸ ಮುಗಿಯಿತೆಂಬ ನಂಬಿಕೆಯೇ ಇವತ್ತು ಆ ಕ್ಯಾಸೆಟ್‌ಗಳಿಗೆ ಇರುವ ದೊಡ್ಡ ಅಪಾಯ.

ಟಿ.ವಿ.ಯ ವಿಷಯದಲ್ಲಿ ಈ ಜಿಲ್ಲೆ ರಾಜಧಾನಿಗಿಂತ ಮುಂದಿತ್ತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ದೇಶಕ್ಕೆ ಬಣ್ಣದ ಟಿ.ವಿ. ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ. ಅದರ ಬೆನ್ನಿಗೇ ವಿಸಿಆರ್ ಹರಡಿತು. ಎಂಬತ್ತರ ದಶಕ ಈ ಸೀಮೆಯಲ್ಲಿ ಸಿಮೆಂಟಿನ ದಶಕವೂ ಹೌದು. ಶಹಾಬಾದ ಮತ್ತು ವಾಡಿಯಲ್ಲಿ ಎಸಿಸಿ ಮೊದಲೇ ಇತ್ತು. ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ಆ ಹತ್ತು ವರ್ಷಗಳಲ್ಲೇ ತಲೆ ಎತ್ತಿದವು. ತಿಂಗಳ ಪಗಾರ ಬರುವ ಮನೆಗಳು ಹೆಚ್ಚಿದಂತೆ ಲಗ್ನದ ಫೋಟೋ ಆಲ್ಬಮ್ಮಿನ ಜೊತೆಗೆ ‘ವಿಡಿಯೋ ಶೂಟಿಂಗ್’ ಕೂಡ ಮದುವೆ ಖರ್ಚಿನ ಲೆಕ್ಕದಲ್ಲಿ ಸೇರಿತು. ಕ್ಯಾಮೆರಾ, ಖಾಲಿ ಕ್ಯಾಸೆಟ್, ಬಿಡಿಭಾಗ ಎಲ್ಲಕ್ಕೂ ಹತ್ತಿರದ ದೊಡ್ಡ ಪೇಟೆ ಹೈದರಾಬಾದು. 1874ರಿಂದಲೂ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ರೈಲು ಇದೆ. ರೈಲಿಲ್ಲದ ಚಿಂಚೋಳಿಯವರಿಗೆ ತಾಂಡೂರಿನ ಹಾದಿಯೇ ಹತ್ತಿರ. ಈಗ ವಿಸಿಆರಿನ ರಬ್ಬರ್ ಬೆಲ್ಟ್ ಹುಡುಕಿಕೊಂಡು ಹೋಗುವವರೂ ಅದೇ ರೈಲಿನಲ್ಲಿ ಹೈದರಾಬಾದಿನ ಕೋಟಿಯ ಗುಜರಾತಿ ಗಲ್ಲಿಗೆ ಹೋಗುತ್ತಾರೆ.

ಲಗ್ನಗಳನ್ನು ಹಿಡಿದದ್ದು ಹೆಚ್ಚಾಗಿ ಹೆಗಲ ಮೇಲೆ ಹೊರುವ, ಪೂರ್ಣ ಗಾತ್ರದ ವಿಎಚ್‌ಎಸ್ ಕ್ಯಾಸೆಟ್ ನುಂಗುವ ಕ್ಯಾಮೆರಾಗಳು. ಪ್ಯಾನಸೋನಿಕ್‌ನ ಎಂ-3000, ಎಂ-9000 ಹೆಸರುಗಳನ್ನು ಆ ಕಾಲದ ಯಾವ ಸ್ಟುಡಿಯೊದವರನ್ನು ಕೇಳಿದರೂ ಹೇಳುತ್ತಾರೆ. ಜೆವಿಸಿ ಕಂಪನಿ 1976ರಲ್ಲಿ ತಂದ ವಿಎಚ್‌ಎಸ್ ಮಾದರಿಯ ಟೇಪು 12.7 ಮಿಲಿಮೀಟರ್ ಅಗಲ. ಇ-180 ಎಂದು ಬರೆದ ಕ್ಯಾಸೆಟ್ಟಿನಲ್ಲಿ ಮೂರು ತಾಸು ಹಿಡಿಸುತ್ತದೆ. ಮನೆಮಂದಿಯೇ ಕೊಂಡ, ಅಥವಾ ಪರದೇಶದಲ್ಲಿದ್ದವರು ತಂದ ಕೈಕ್ಯಾಮೆರಾಗಳು ಬೇರೆ ಬಗೆಯವು. ಸೋನಿಯ ವಿಡಿಯೋ8 (1985), ಹೈ8 (1989), ಜೆವಿಸಿಯ ಅಂಗೈಯಗಲದ ವಿಎಚ್‌ಎಸ್-ಸಿ (1982). ಸಣ್ಣ ಕ್ಯಾಸೆಟ್ ಯಾವುದಾದರೂ ಅಡಾಪ್ಟರಿನಿಂದ ವಿಸಿಆರಿನಲ್ಲಿ ಓಡುತ್ತದೆ ಎಂಬ ತಪ್ಪು ತಿಳಿವಳಿಕೆ ಇಲ್ಲಿ ಗಟ್ಟಿಯಾಗಿ ಬೇರೂರಿದೆ. ವಿಎಚ್‌ಎಸ್-ಸಿ ಕ್ಯಾಸೆಟ್ಟನ್ನು ದೊಡ್ಡ ಅಡಾಪ್ಟರ್ ಕ್ಯಾಸೆಟ್ಟಿನೊಳಗೆ ಕೂರಿಸಿ ಸಾಮಾನ್ಯ ವಿಸಿಆರಿನಲ್ಲಿ ನೋಡಬಹುದು, ಏಕೆಂದರೆ ಒಳಗಿನ ಟೇಪು ಎರಡರಲ್ಲೂ ಒಂದೇ. 8 ಮಿಲಿಮೀಟರ್ ಕ್ಯಾಸೆಟ್ಟಿಗೆ ಅಂಥ ಅಡಾಪ್ಟರ್ ಎಂದೂ ತಯಾರಾಗಿಲ್ಲ, ಆಗುವುದಕ್ಕೂ ಸಾಧ್ಯವಿಲ್ಲ. ಅದನ್ನು ಅದರದೇ ಕ್ಯಾಮೆರಾ ಅಥವಾ 8 ಎಂಎಂ ಪ್ಲೇಯರ್ ಮಾತ್ರ ಓದಬಲ್ಲದು.

ಮಿನಿ ಡಿವಿ (1995) ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಅದರಲ್ಲಿರುವುದು ಹುಟ್ಟಾ ಡಿಜಿಟಲ್ ದತ್ತಾಂಶ. ಫೈರ್‌ವೈರ್ ಕೇಬಲಿನಿಂದ ಇದ್ದದ್ದು ಇದ್ದ ಹಾಗೆ ನಕಲಾಗುತ್ತದೆ.

ಯಾವ ಕ್ಯಾಸೆಟ್ಟನ್ನು ಇಳಿಸಿಕೊಳ್ಳಬೇಕು ಎಂಬುದು ಹೇಗೆ ಇಳಿಸಿಕೊಳ್ಳಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಮನೆಯ ತಿಜೋರಿಯಲ್ಲಿ ಇರುವುದು ಸಾಮಾನ್ಯವಾಗಿ ‘ಮಿಕ್ಸಿಂಗ್’ ಆದ ಪ್ರತಿ. ಕ್ಯಾಮೆರಾದಿಂದ ಹೊರಬಂದ ಮಾಸ್ಟರ್ ಕ್ಯಾಸೆಟ್ಟನ್ನು ಸ್ಟುಡಿಯೊದವರು ಎರಡು ವಿಸಿಆರ್ ಮತ್ತು ಒಂದು ವಿಡಿಯೋ ಮಿಕ್ಸರ್ ಇಟ್ಟುಕೊಂಡು ಇನ್ನೊಂದು ಕ್ಯಾಸೆಟ್ಟಿಗೆ ಹಾಕುತ್ತಿದ್ದರು. ಹೃದಯದಾಕಾರದ ಚೌಕಟ್ಟಿನಲ್ಲಿ ಮದುಮಗಳ ಮುಖ, ಹೂವಿನ ಮೇಲೆ ತೇಲುವ ಹೆಸರು, ಎರಡೂ ಕಡೆಯ ಹಿರಿಯರ ಫೋಟೋ, ಎಲ್ಲ ಆಗ ಸೇರಿದವು. ಅಲ್ಲಿಂದ ಬೀಗರಿಗೊಂದು ಕಾಪಿ. ಅನಲಾಗ್ ಟೇಪಿನ ಪ್ರತಿಯೊಂದು ನಕಲಿನಲ್ಲೂ ಬಣ್ಣ ಹರಡುತ್ತದೆ, ಅಂಚುಗಳು ಮಸುಕಾಗುತ್ತವೆ. ಹೀಗಾಗಿ ಬೀಗರ ಮನೆಯ ಕಾಪಿ ಮೂರನೇ ತಲೆಮಾರಿನದು.

ಚಿತ್ರಕ್ಕಿಂತ ಹೆಚ್ಚು ಹಾಳಾದದ್ದು ಧ್ವನಿ. ಅರಿಶಿನ ಹಚ್ಚುವಾಗ, ಸುರಗಿ ಸುತ್ತುವಾಗ ಮುದುಕಿಯರು ಕೂಡಿ ಹಾಡಿದ ಸೋಬಾನೆ ಪದಗಳ ಮೇಲೆ ಮಿಕ್ಸಿಂಗಿನಲ್ಲಿ ಸಿನಿಮಾ ಹಾಡು ಕೂರಿಸುವುದು ರೂಢಿಯಾಗಿತ್ತು. ಚಿಂಚೋಳಿ ಕಡೆಯ ತಾಂಡಾಗಳ ಲಗ್ನಗಳಲ್ಲಿ ಲಂಬಾಣಿ ಹೆಂಗಸರು ಹಾಡಿದ್ದಕ್ಕೂ ಇದೇ ಗತಿ. ಕುಣಿತ ಕಾಣುತ್ತದೆ, ಹಾಡು ಮಾತ್ರ ಬೇರೆ ಯಾವುದೋ ಹಿಂದಿ ಚಿತ್ರದ್ದು. ಮಿಕ್ಸಿಂಗ್ ಕಾಪಿಯಲ್ಲಿ ಮೂಲ ಧ್ವನಿ ಅಡಿಯಲ್ಲೆಲ್ಲೂ ಅಡಗಿರುವುದಿಲ್ಲ. ಆ ಕ್ಯಾಸೆಟ್ಟಿಗೆ ಅದನ್ನು ಹಾಕಿಯೇ ಇರುವುದಿಲ್ಲ, ಆದ್ದರಿಂದ ಯಾವ ಸಾಫ್ಟ್‌ವೇರೂ ಅದನ್ನು ಹೊರತೆಗೆಯಲಾರದು. ಅದು ಇದ್ದರೆ ಮಾಸ್ಟರಿನಲ್ಲಿ ಇರಬೇಕು. ಅನೇಕ ಸ್ಟುಡಿಯೊಗಳು ಮಾಸ್ಟರ್ ಅಳಿಸಿ ಮತ್ತೊಂದು ಲಗ್ನಕ್ಕೆ ಬಳಸಿದ್ದುಂಟು. ಎಲ್ಲರೂ ಹಾಗೆ ಮಾಡಲಿಲ್ಲ. ಜಾನಪದ ಸಂಗ್ರಾಹಕರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ತಿರುಗಿದ ಹಾಗೆ ಹಳೆಯ ಸ್ಟುಡಿಯೊಗಳ ಅಟ್ಟಗಳನ್ನೂ ಯಾರಾದರೂ ನೋಡಬೇಕಿತ್ತು.

ಕಾನೂನು ಈ ವಿಷಯದಲ್ಲಿ ಮನೆಯವರ ಪರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಬ್ಬರು ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಮಾಡಿಸಿದವರೇ. ಮೇಲೆ ಕೂರಿಸಿದ ಸಿನಿಮಾ ಹಾಡಿನ ಹಕ್ಕು ಮಾತ್ರ ಬೇರೆಯವರದು. ಮಿಕ್ಸಿಂಗ್ ಕಾಪಿಯನ್ನು ಯೂಟ್ಯೂಬಿಗೆ ಏರಿಸಿದವರಿಗೆ ಹಾಡಿನ ಕಂಪನಿಯಿಂದ ತಕರಾರು ಬರುವುದು ಅದಕ್ಕೇ.

ಟೇಪಿನ ಸ್ಥಿತಿಗೆ ಬಂದರೆ, ವಿಸಿಆರಿನ ಒಳಗೆ 62 ಮಿಲಿಮೀಟರ್ ವ್ಯಾಸದ ಓರೆಯಾಗಿ ನಿಂತ ಉರುಳೆಯೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ ಸಣ್ಣ ಹೆಡ್‌ಗಳು ಟೇಪಿನ ಮೇಲೆ ಓರೆಗೆರೆಗಳಲ್ಲಿ ಬರೆದ ಚಿತ್ರವನ್ನು ಓದುತ್ತವೆ. ಒಂದೊಂದು ಗೆರೆಯ ಅಗಲ 49 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಕಲ್ಲುಗಣಿ, ಪರಸಿ ಕಲ್ಲಿನ ಪಾಲಿಶ್ ಮಿಲ್ಲು, ಸಿಮೆಂಟ್ ಗೂಡುಗಳ ಊರಿನಲ್ಲಿ ಧೂಳಿನ ಒಂದು ಕಣ ಈ ಗೆರೆಯಷ್ಟೇ ದಪ್ಪ ಇರಬಹುದು. ಅದು ಹೆಡ್ಡಿಗೆ ಅಂಟಿದರೆ ಪರದೆಯ ತುಂಬ ಮಂಜು, ಟೇಪಿಗೆ ಉಜ್ಜಿದರೆ ಉದ್ದಕ್ಕೂ ಗೀರು. ಧ್ವನಿ ಟೇಪಿನ ಮೇಲಂಚಿನಲ್ಲೂ, ವೇಗ ಹಿಡಿದಿಡುವ ಕಂಟ್ರೋಲ್ ಟ್ರ್ಯಾಕ್ ಕೆಳ ಅಂಚಿನಲ್ಲೂ ಇರುತ್ತವೆ. ಟೇಪು ಮಡಚಿದಾಗ ಮೊದಲು ಪೆಟ್ಟು ತಿನ್ನುವುದು ಈ ಎರಡೇ.

ಬಿಸಿಲಿನ ಬಗ್ಗೆ ಈ ಭಾಗದವರಿಗೆ ಹೇಳಬೇಕಾದ್ದೇನೂ ಇಲ್ಲ. ತಗಡಿನ ಅಡಿಯ ಅಟ್ಟದ ಮೇಲೆ ಟ್ರಂಕಿನಲ್ಲಿ ಇಟ್ಟ ಕ್ಯಾಸೆಟ್ಟು ಮೇ ತಿಂಗಳಲ್ಲಿ ಹೊರಗಿನ ನಲವತ್ತೆರಡು ಡಿಗ್ರಿಗಿಂತ ಬಿಸಿಯಾಗಿರುತ್ತದೆ. ಸುರುಳಿ ಬಿಗಿದು, ಸಡಿಲಾಗಿ, ಟೇಪು ಅಲೆಅಲೆಯಾಗುತ್ತದೆ. ಆದರೆ ಒಣಹವೆಯ ಒಂದು ಉಪಕಾರವೂ ಇದೆ. ಮಂಗಳೂರು, ಕಾಸರಗೋಡು ಕಡೆಗೆ ಹೋಲಿಸಿದರೆ ಇಲ್ಲಿ ಫಂಗಸ್ ಕಡಿಮೆ. ಬರುವುದು ಮಳೆಗಾಲದಲ್ಲಿ ಗೋಡೆ ಹಸಿಯಾಗುವ ಮನೆಗಳಲ್ಲಿ, ಮತ್ತು ಜಿಲ್ಲೆಯಲ್ಲಿ ಮಳೆ ಹೆಚ್ಚು ಕಾಣುವ ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ. ಪರೀಕ್ಷೆ ಸುಲಭ. ಕ್ಯಾಸೆಟ್ಟನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಪಾರದರ್ಶಕ ಕಿಟಕಿಯಿಂದ ಸುರುಳಿಯ ಮೈ ನೋಡಬೇಕು. ಚೊಕ್ಕ ಟೇಪು ಕರಿಗಾಜಿನಂತೆ ಹೊಳೆಯುತ್ತದೆ. ಬಿಳಿ ಚುಕ್ಕೆ, ಬೂದಿಬಣ್ಣದ ನೂಲಿನಂಥದ್ದು ಕಂಡರೆ ಅದನ್ನು ಪ್ಲೇಯರಿಗೆ ಹಾಕಲೇಬಾರದು. ಹಾಕಿದರೆ ಹೆಡ್ಡಿಗೆ ಹತ್ತಿದ ಫಂಗಸ್ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ನೆರೆ ನೀರಿನ ಕ್ಯಾಸೆಟ್‌ಗಳದು ಬೇರೆ ಕತೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡದ ಸುತ್ತ ಮನೆಗಳಿಗೆ ನುಗ್ಗಿದಂಥ ನೀರಿನಲ್ಲಿ ನೆನೆದ ಕ್ಯಾಸೆಟ್ಟನ್ನು ಬಿಸಿಲಿಗೆ ಹಾಕುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ತಪ್ಪು. ಕೆಸರನ್ನು ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಗಾಳಿಗೆ ಆರಬಿಡಬೇಕು. ಆಮೇಲಿನದು ಕ್ಯಾಸೆಟ್ ಬಿಚ್ಚಿ, ಟೇಪು ಒರೆಸಿ, ಹೊಸ ಪೆಟ್ಟಿಗೆಗೆ ಕೂರಿಸಬಲ್ಲ ಅನುಭವಿಯ ಕೆಲಸ.

ಟೇಪಿಗಿಂತ ಮೊದಲು ಮುಗಿಯುತ್ತಿರುವುದು ಪ್ಲೇಯರ್‌ಗಳು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಜಗತ್ತಿನಲ್ಲಿ ಹೊಸ ವಿಸಿಆರ್ ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, ಮ್ಯಾಗ್ನೆಟಿಕ್ ಟೇಪುಗಳನ್ನು ಉಳಿಸಿಕೊಳ್ಳಲು 2025 ಕೊನೆಯ ಗಡುವು ಎಂದು ಎಚ್ಚರಿಸಿತ್ತು. ಗಡುವು ದಾಟಿದ ಮರುದಿನ ಎಲ್ಲವೂ ನಾಶವಾಗುವುದಿಲ್ಲ. ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಮೆಕ್ಯಾನಿಕ್ ಮೂರೂ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತವೆ ಎಂಬುದೇ ಅದರ ಅರ್ಥ. ಹಳೆಯ ವಿಸಿಆರ್ ಕೊಳ್ಳುವಾಗ ಮೊದಲು ಸಿನಿಮಾದ ಬೇಡವಾದ ಕ್ಯಾಸೆಟ್ಟೊಂದನ್ನು ಓಡಿಸಿ ನೋಡಬೇಕು, ಮನೆಯ ಲಗ್ನವನ್ನಲ್ಲ. ಹೆಡ್ ಸ್ವಚ್ಛಗೊಳಿಸಲು ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಉರುಳೆಗೆ ಮೆತ್ತಗೆ ತಾಗಿಸಿ ಹಿಡಿಯುತ್ತಾರೆ. ಕಾಗದ ಅಲುಗಿಸಬಾರದು, ಇನ್ನೊಂದು ಕೈಯಿಂದ ಉರುಳೆಯನ್ನೇ ನಿಧಾನ ತಿರುಗಿಸಬೇಕು. ಕಾಗದದ ಮೇಲೆ ಕಂದುಗೆರೆ ಮೂಡಿದರೆ ಕೊಳೆ ಬರುತ್ತಿದೆ ಎಂದು ಅರ್ಥ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೇಲೆ ಕೆಳಗೆ ಉಜ್ಜಿದರೆ ನೂಲು ಸಿಕ್ಕಿ ಹೆಡ್ಡೇ ಮುರಿಯುತ್ತದೆ.

8 ಎಂಎಂ ಕ್ಯಾಸೆಟ್‌ಗಳಿಗೆ ಒಂದು ಒಳದಾರಿ ಇದೆ. ಸೋನಿ 1999ರಲ್ಲಿ ತಂದ ಡಿಜಿಟಲ್8 ಕ್ಯಾಮೆರಾಗಳ ಪೈಕಿ ಕೆಲವು ಮಾದರಿಗಳು ಹಳೆಯ ಅನಲಾಗ್ ವಿಡಿಯೋ8, ಹೈ8 ಟೇಪನ್ನೂ ಓದಿ, ಒಳಗೇ ಡಿವಿಗೆ ಪರಿವರ್ತಿಸಿ ಫೈರ್‌ವೈರಿನಿಂದ ಹೊರಗೆ ಕೊಡುತ್ತವೆ. ಎಲ್ಲ ಮಾದರಿಗಳಲ್ಲೂ ಈ ಸೌಲಭ್ಯ ಇಲ್ಲ, ಕೊಳ್ಳುವ ಮುಂಚೆ ಖಾತ್ರಿ ಮಾಡಿಕೊಳ್ಳಬೇಕು. ಕಂಪ್ಯೂಟರಿನ ಕಡೆಯಿಂದಲೂ ಫೈರ್‌ವೈರ್ ಮರೆಯಾಗುತ್ತಿದೆ. 2025ರ ಮ್ಯಾಕ್ ಒಎಸ್ ತಾಹೋ ಅದಕ್ಕೆ ಬೆಂಬಲ ಕೈಬಿಟ್ಟಿತು. ಹಳೆಯ ಡೆಸ್ಕ್‌ಟಾಪಿಗೆ ಒಂದು ಕಾರ್ಡು ಹಾಕಿಸಿಕೊಳ್ಳುವುದೇ ಇಲ್ಲಿ ಸುಲಭದ ಪರಿಹಾರ.

ವಿಎಚ್‌ಎಸ್‌ಗೆ ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ಹಳದಿ, ಬಿಳಿ, ಕೆಂಪು ಪಿನ್ನುಗಳ ಎ.ವಿ. ಕೇಬಲನ್ನು ಒಂದು ಕಡೆ ಸಿಕ್ಕಿಸಿ ಇನ್ನೊಂದು ಕಡೆ ಲ್ಯಾಪ್‌ಟಾಪಿಗೆ ಹಾಕುವ ‘ಈಸಿಕ್ಯಾಪ್’ ಹೆಸರಿನ ಅಗ್ಗದ ತುಂಡುಗಳು ಎಲ್ಲೆಡೆ ಸಿಗುತ್ತವೆ. ಒಂದೇ ಹೆಸರಿನ ಡಬ್ಬಿಯೊಳಗೆ ಬೇರೆ ಬೇರೆ ಚಿಪ್ಪುಗಳಿರುವುದರಿಂದ ಕೆಲವು ಚೆನ್ನಾಗಿವೆ, ಕೆಲವು ಬೆಳಕು ಹೆಚ್ಚಿದಲ್ಲಿ ಬಿಳಿ ರೇಷ್ಮೆಯ ನೆರಿಗೆಗಳನ್ನೆಲ್ಲ ತಿಂದುಹಾಕುತ್ತವೆ. ಹಾಪಾಗ್ ಯುಎಸ್‌ಬಿ-ಲೈವ್2 ತರಹದ ಹೆಸರುವಾಸಿ ಸಾಧನಕ್ಕೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥವಲ್ಲ. ಎ.ವಿ.ಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿಯ ದಾರಿಯನ್ನು ಈಗ ಕೆಲವರು ಹಿಡಿಯುತ್ತಿದ್ದಾರೆ. ಅದು ಚಿತ್ರವನ್ನು ಎಚ್‌ಡಿ ಗಾತ್ರಕ್ಕೆ ಎಳೆದು, ಹಲವು ಸಲ ಅಗಲಕ್ಕೂ ಹಿಗ್ಗಿಸಿ ಮುಖಗಳನ್ನು ದಪ್ಪ ಮಾಡುತ್ತದೆ. ಎಚ್‌ಡಿ ಎಂಬ ಮಾತಿಗೆ ಮರುಳಾಗಬಾರದು. ವಿಎಚ್‌ಎಸ್ ಟೇಪಿನಲ್ಲಿ ಇರುವುದೇ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ.

ಮಂಟಪದ ಕಂಬಗಳು ಹಾವಿನಂತೆ ಬಳುಕಿದರೆ, ಚಿತ್ರದ ತಲೆ ಒಂದು ಬದಿಗೆ ವಾಲಿದರೆ ಟೇಪಿನ ವೇಗದ ಸಣ್ಣ ಏರುಪೇರು ಕಾರಣ. ಇದನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರ ದುಬಾರಿ. ವಿಸಿಆರಿಗೂ ಕ್ಯಾಪ್ಚರ್ ಸಾಧನಕ್ಕೂ ನಡುವೆ ಪ್ಯಾನಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್ ಇಟ್ಟು, ಏನನ್ನೂ ರೆಕಾರ್ಡ್ ಮಾಡದೆ ಸಿಗ್ನಲ್ ಹಾಯಿಸಿದರೆ ಬಳುಕು ಬಹಳಷ್ಟು ನಿಲ್ಲುತ್ತದೆ. ಪರದೆಯ ತೀರಾ ಕೆಳಗೆ ಹರಿದಂತೆ ಕಾಣುವ ನಾಲ್ಕಾರು ಗೆರೆಗಳು ಮಾತ್ರ ದೋಷವಲ್ಲ. ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗ ಅದು. ಹಳೆಯ ಟಿ.ವಿ.ಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಬಣ್ಣವೇ ಬಾರದೆ ಕಪ್ಪು-ಬಿಳುಪಾಗಿ ಓಡಿದರೆ ಕ್ಯಾಸೆಟ್ ಬೇರೆ ದೇಶದ ಪದ್ಧತಿಯದಿರಬಹುದು. ಅಮೆರಿಕದ್ದು ಎನ್‌ಟಿಎಸ್‌ಸಿ, ಸೌದಿ ಟಿ.ವಿ.ಯಿಂದ ಹಿಡಿದದ್ದಾದರೆ ಸೆಕ್ಯಾಮ್. ಇವಕ್ಕೆ ಬಹುಪದ್ಧತಿಯ ವಿಸಿಆರ್ ಬೇಕು.

ಕಂಪ್ಯೂಟರಿನಲ್ಲಿ ವರ್ಚುವಲ್‌ಡಬ್ ಅಥವಾ ಒಬಿಎಸ್ ಸಾಕು, ಎರಡೂ ಉಚಿತ. ಅಳತೆ 720×576, ಸೆಕೆಂಡಿಗೆ 25 ಫ್ರೇಮು. ಭಾರತದ ಪಾಲ್ ಪದ್ಧತಿಯಲ್ಲಿ ಒಂದೊಂದು ಫ್ರೇಮೂ ಬೆಸ ಮತ್ತು ಸಮ ಗೆರೆಗಳ ಎರಡು ಅರ್ಧಗಳಾಗಿ ಬರುತ್ತದೆ, ಹಾಗಾಗಿ ನಿಜವಾದ ಚಲನೆ ಸೆಕೆಂಡಿಗೆ 50 ಹೆಜ್ಜೆ. ಓಡುವ ಮಕ್ಕಳ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡಿದಂತೆ ಕಂಡರೆ ಗಾಬರಿ ಬೇಡ. ಮೂಲ ಫೈಲನ್ನು ಹಾಗೆಯೇ ಇಟ್ಟು, ನೋಡುವ ಪ್ರತಿ ಮಾಡುವಾಗ ಹ್ಯಾಂಡ್‌ಬ್ರೇಕಿನಂಥ ತಂತ್ರಾಂಶದಲ್ಲಿ ಹಲ್ಲು ತೆಗೆದು 50 ಫ್ರೇಮಿಗೆ ಮಾಡಿಕೊಂಡರೆ ಮೆರವಣಿಗೆಯ ಕುಣಿತ ಮೊದಲಿನ ಚುರುಕಿನಲ್ಲೇ ಕಾಣುತ್ತದೆ. ಮೂಲ ಪ್ರತಿಗೆ ಹಫ್‌ವೈಯುವಿ, ಎಫ್‌ಎಫ್‌ವಿ1 ತರಹದ ನಷ್ಟವಿಲ್ಲದ ಸಂಕೋಚನ ಉತ್ತಮ. ಜಾಗ ಕಡಿಮೆ ಇದ್ದರೆ ಡಿವಿ, ತಾಸಿಗೆ ಸುಮಾರು 13 ಜಿಬಿ. ಮೂರು ತಾಸಿನ ಲಗ್ನಕ್ಕೆ 40 ಜಿಬಿ ಎಂದರೆ ಇಂದಿನ ಹಾರ್ಡ್‌ಡಿಸ್ಕಿಗೆ ದೊಡ್ಡದಲ್ಲ. ಫೈಲು 4 ಜಿಬಿಗೆ ಬಂದು ತಾನಾಗಿ ನಿಂತರೆ ಡ್ರೈವು ಫ್ಯಾಟ್32 ಫಾರ್ಮ್ಯಾಟಿನಲ್ಲಿದೆ ಎಂದು ತಿಳಿಯಬೇಕು. ಎಕ್ಸ್‌ಫ್ಯಾಟಿಗೆ ಬದಲಿಸಿದರೆ ಮುಗಿಯಿತು, ಆದರೆ ಒಳಗಿದ್ದದ್ದನ್ನು ಮೊದಲು ಬೇರೆಡೆ ತೆಗೆದಿಟ್ಟುಕೊಂಡು.

ಕರೆಂಟಿನ ಮಾತು ಬಿಡುವಂತಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ವಿಸಿಆರಿಗಿಲ್ಲ. ಟೇಪು ಉರುಳೆಗೆ ಸುತ್ತಿಕೊಂಡಿರುವಾಗ ಜೆಸ್ಕಾಂ ಕೈಕೊಟ್ಟರೆ ಟೇಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಬರುವವರೆಗೆ ಕ್ಯಾಸೆಟ್ಟನ್ನು ಎಳೆಯಬಾರದು. ಯುಪಿಎಸ್ ಹಾಕಿಕೊಂಡು ರಾತ್ರಿ ಹೊತ್ತು ಮಾಡುವವರು ಜಾಣರು.

ಇನ್ನು ಸಿ.ಡಿ.ಗಳು. 2000ದ ಆಸುಪಾಸಿನಲ್ಲಿ ಹೆಚ್ಚು ಮನೆಗಳು ಮಾಡಿಸಿಕೊಂಡದ್ದು ವಿಸಿಡಿ. ಅದರ ಚಿತ್ರ 352×288, ಅಂದರೆ ಪಾಲ್ ಫ್ರೇಮಿನ ಕಾಲು ಭಾಗಕ್ಕೂ ಕಡಿಮೆ ಬಿಂದುಗಳು. ಚಲನೆಯ 50 ಹೆಜ್ಜೆಗಳು 25ಕ್ಕೆ ಇಳಿದಿರುತ್ತವೆ. ಸೆಕೆಂಡಿಗೆ 1.15 ಮೆಗಾಬಿಟ್‌ನೊಳಗೆ ಹಿಂಡಿದ್ದರಿಂದ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಪರದೆ ಚೌಕುಳಿ ಚೌಕುಳಿಯಾಗುತ್ತದೆ. ಒಂದು ಡಿಸ್ಕಿಗೆ ಒಂದೂಕಾಲು ತಾಸಷ್ಟೇ ಹಿಡಿಸುತ್ತಿದ್ದುದರಿಂದ ಮೂರು ತಾಸಿನ ಕ್ಯಾಸೆಟ್ಟನ್ನು ಒಂದೇ ಡಿಸ್ಕಿಗೆ ಕೂರಿಸಲು ಊಟದ ಪಂಕ್ತಿ, ಮುಯ್ಯಿ ಮಾಡುವುದು, ಬಂದ ನೆಂಟರ ಸಾಲು ಇವನ್ನೇ ಕತ್ತರಿಸಿದ ಉದಾಹರಣೆಗಳು ಕಡಿಮೆಯಲ್ಲ. ಇವತ್ತು ಮನೆಯವರು ಹುಡುಕುವುದು ಆ ಮುಖಗಳನ್ನೇ. ಮನೆಯಲ್ಲಿ ಬರೆದ ಅಗ್ಗದ ಸಿ.ಡಿ.ಗಳ ಬಣ್ಣದ ಪದರ ಬಿಸಿಲ ಸೀಮೆಯಲ್ಲಿ ಬೇಗ ಮಾಸುತ್ತದೆ. ಟೇಪು ಮಾಸಿದರೆ ಮಸುಕಾಗಿಯಾದರೂ ಓಡುತ್ತದೆ, ಡಿಸ್ಕು ಒಂದು ದಿನ ಪೂರ್ತಿ ನಿಲ್ಲುತ್ತದೆ. ವಿಸಿಡಿ ಮಾಡಿಸಿದ ಮೇಲೆ ಕ್ಯಾಸೆಟ್ ಎಸೆದವರು ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ಇಟ್ಟುಕೊಂಡಂತಾಯಿತು. ಡಿವಿಡಿ ಇದಕ್ಕಿಂತ ಎಷ್ಟೋ ಮೇಲು, ಆದರೂ ಮಾಸ್ಟರಿಗೆ ಬದಲಿಯಲ್ಲ.

ಇಳಿಸಿಕೊಂಡ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಬಿಟ್ಟರೆ ಸಿ.ಡಿ.ಯ ಕತೆಯೇ ಮತ್ತೆ. ಎರಡು ಹಾರ್ಡ್‌ಡಿಸ್ಕುಗಳಲ್ಲಿ ಪ್ರತಿ ಇಟ್ಟು, ಒಂದನ್ನು ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮನೆಮಂದಿಯ ಬಳಿ ಬಿಡುವುದು ವಾಡಿಕೆಯಾಗಬೇಕು. ಫೈಲಿನ ಹೆಸರಿನಲ್ಲಿ ಊರು, ವರ್ಷ, ಯಾರ ಲಗ್ನ ಎಂದು ಬರೆಯಬೇಕು. ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದನ್ನೂ ಒಂದು ಫೋಟೋ ತೆಗೆದು ಜೊತೆಗಿಡಬೇಕು.

ಮನೆಯಲ್ಲಿ ಓಡುವ ವಿಸಿಆರ್ ಇದ್ದರೆ ಗುಜರಿಯವನ ತಕ್ಕಡಿಗೆ ಹಾಕಬೇಡಿ. ನಿಮ್ಮ ಕೆಲಸ ಮುಗಿದಿದ್ದರೂ ಓಣಿಯಲ್ಲಿ ಇನ್ನೊಬ್ಬರಿಗೆ ಅದು ಬೇಕಾಗಿರುತ್ತದೆ. ಲಗ್ನ ಹಿಡಿದ ಸ್ಟುಡಿಯೊ ಇನ್ನೂ ಇದ್ದರೆ ಒಮ್ಮೆ ಹೋಗಿ, ಮಾಸ್ಟರ್ ಕ್ಯಾಸೆಟ್ ಉಳಿದಿದೆಯೇ ಎಂದು ಕೇಳಿ.